ಟ್ಯಾಂಕಿನಲ್ಲಿ ಒಂದು ಲೋಟ ಕಡಿಮೆ

ಕಟ್ಟುಕತೆ ಅಂದುಕೊಳ್ಳಬೇಡಿ. ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲೇ ನಡೆದದ್ದು.

ಪಕ್ಕದ ಮನೆಯವನಿಗೆ ಗಾಜಿನಂಗಡಿಯಲ್ಲಿ ಕೆಲಸ. ಗಾಜು ಕತ್ತರಿಸಿ ಕೂಡಿಸುವುದರಲ್ಲಿ ಎತ್ತಿದ ಕೈ. ಆ ರಾತ್ರಿ ಹಳೇ ಬಾವಿಯ ಪಕ್ಕದ ದಾರಿ ಹಿಡಿದು ಮನೆಗೆ ಬರುತ್ತಿದ್ದ. ಅಂಗಿಯೊಳಗೆ ಎದೆಗೆ ಅವಚಿಕೊಂಡದ್ದು ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಉಪ್ಪುನೀರು, ನೀರಿನಲ್ಲಿ ಅಂಗೈಯಗಲದ ಜೀವಂತ ಹವಳ. ತಣ್ಣಗಾದರೆ ಸತ್ತೀತು ಅಂತ ಹಸುಗೂಸಿನ ಹಾಗೆ ಬೆಚ್ಚಗಿಟ್ಟುಕೊಂಡಿದ್ದ.

ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿತ್ತು. ಅದರ ಕೆಳಗಿನಿಂದ...

ಟಣ್... ಟಣ್...

ಸ್ಟೀಲ್ ಲೋಟವನ್ನು ಕಬ್ಬಿಣಕ್ಕೆ ತಟ್ಟುವ ಸದ್ದು. ಅವನ ಕಾಲು ನಿಂತೇ ಹೋಯಿತು. ಆ ಸದ್ದು ಅವನಿಗೆ ಹೊಸದಲ್ಲ. ತಿರುಗಿ ನೋಡದೆ ಸರಸರ ನಡೆದ.

ತಾಯಿಯಿಲ್ಲದ ಅವನನ್ನು ಅದೇ ಬಾವಿಯ ನೀರು ಸೇದಿ ಸಾಕಿದವರು ಸೋದರತ್ತೆ. ಕೊನೆಗಾಲದಲ್ಲಿ ಹಾಸಿಗೆ ಹಿಡಿದು ಹಿಂದಿನ ಕೋಣೆಯಲ್ಲಿದ್ದರು. ಕೂಗಲು ಗಂಟಲಿರಲಿಲ್ಲ. ಬಾಯಾರಿದರೆ ಲೋಟದಿಂದ ಕಬ್ಬಿಣದ ಮಂಚಕ್ಕೆ ತಟ್ಟುತ್ತಿದ್ದರು. ಇವನಿಗೆ ಆಗಲೇ ಹವಳದ ಅಕ್ವೇರಿಯಂ ಹುಚ್ಚು ಹತ್ತಿತ್ತು. ಅತ್ತೆ ಮಲಗಿರುವಾಗಲೇ ಟ್ಯಾಂಕಿಗೆ ಅಂತ ಟೇಪು ಹಿಡಿದು ಆ ಕೋಣೆಯ ಗೋಡೆ ಅಳೆದ, ಪುಣ್ಯಾತ್ಮ! ಅವರು ಕಣ್ಣು ಬಿಟ್ಟು ನೋಡುತ್ತಿದ್ದರು... ಏನೂ ಕೇಳಲಿಲ್ಲ. ಕಿಟಕಿಗೆ ಹೊಸ ಗಾಜು ಹಾಕಿಸೋಣ ಅಂತ ಅವನೇ ಏನೋ ತೇಲಿಸಿ ಹೇಳಿದ.

ಕೊನೆಯ ರಾತ್ರಿ ಹೆಂಡತಿ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಗೆ ಹೋಗಿದ್ದಳು. ಇವನು ಮೊಬೈಲಿನಲ್ಲಿ ಹವಳದ ವಿಡಿಯೋ ನೋಡುತ್ತಿದ್ದ. ಟಣ್ ಅಂತ ಕೇಳಿಸಿತು. ಇದೊಂದು ಮುಗಿಯಲಿ, ಎದ್ದರಾಯಿತು ಅಂದುಕೊಂಡ. ಇನ್ನೊಮ್ಮೆ ಕೇಳಿಸಿತು. ಇಯರ್‌ಫೋನ್ ಸಿಕ್ಕಿಸಿಕೊಂಡ. ಬೆಳಿಗ್ಗೆ ನೋಡಿದರೆ ಲೋಟ ನೆಲದ ಮೇಲೆ ಉರುಳಿತ್ತು, ಅತ್ತೆ ತೀರಿಕೊಂಡಿದ್ದರು. ನಿದ್ದೆಯಲ್ಲೇ ಹೋದರು, ಕರೆಯಲೇ ಇಲ್ಲ ಅಂತ ಹೆಂಡತಿಗೆ ಹೇಳಿದ. ಬಂದವರೆಲ್ಲ ಎಂಥ ಸುಖದ ಸಾವು ಅಂದರು. ಅವನು ಉರುಳಿದ್ದ ಲೋಟ ಎತ್ತಿ ಅಡುಗೆಮನೆಯ ಮೂಲೆಗೆ ಸೇರಿಸಿದ.

ಹಾಗಂತ ಟ್ಯಾಂಕ್ ಬಿಟ್ಟನೇ? ಮಂಚ ಗುಜರಿಗೆ ಹಾಕಿ, ಅದೇ ಜಾಗದಲ್ಲಿ ಗೋಡೆಯುದ್ದದ ಟ್ಯಾಂಕ್ ಕಟ್ಟಿದ. ಸಿಲಿಕೋನ್ ಅಂಟು ಹಾಕಿ ಗಾಜು ತಾನೇ ಕೂಡಿಸಿದ್ದು. ಕಲ್ಲು, ಮರಳು, ಉಪ್ಪು ಬೆರೆಸಿದ ನೀರು, ನೀಲಿ ಲೈಟು, ಗುಳುಗುಳು ಅನ್ನುವ ಪಂಪು, ಮೇಲೆ ಗಾಜಿನ ಮುಚ್ಚಳ. ಅಂದಿನಿಂದ ಬೆಳಗಾದರೆ ನೀರು ಇಳಿದಿರುತ್ತಿತ್ತು. ನೀರು ಆವಿಯಾಗುವುದು ಸಹಜ. ಆದರೆ ಆವಿಯಾದರೆ ಉಪ್ಪು ಉಳಿಯುತ್ತದೆ, ಉಪ್ಪಿನ ಮೀಟರು ಏರಬೇಕು. ಇಲ್ಲಿ ಏರುತ್ತಲೇ ಇರಲಿಲ್ಲ. ಅಂದರೆ ಹೋಗುತ್ತಿದ್ದದ್ದು ಉಪ್ಪುನೀರೇ. ತನ್ನ ಕೈಕೆಲಸ ಸೋರುವುದೇ ಅಂತ ರೇಗಿ ಅಂಚಿನುದ್ದಕ್ಕೂ ಕಾಗದ ಒತ್ತಿ ನೋಡಿದ. ಕಾಗದ ಒಣಗಿಯೇ ಇತ್ತು. ಗಾಜಿನ ಮೇಲೆ ಗೆರೆ ಎಳೆದು ಎಷ್ಟು ಹೋಗುತ್ತಿದೆ ಅಂತ ಅಳೆದ... ಒಂದು ಲೋಟ.

ಬಾವಿಯ ಹತ್ತಿರ ಸದ್ದು ಕೇಳಿದ ಆ ರಾತ್ರಿ ಮನೆಗೆ ಬಂದವನು ಹವಳದ ಚೀಲವನ್ನು ನೀರಿನ ಬಿಸಿಗೆ ಹೊಂದಿಕೊಳ್ಳಲಿ ಅಂತ ಟ್ಯಾಂಕಿನಲ್ಲಿ ತೇಲಿಬಿಟ್ಟು ಕೂತ. ಇದ್ದಕ್ಕಿದ್ದಂತೆ ಪಂಪು ನಿಂತಿತು. ಲೈಟು ಮಾತ್ರ ಉರಿಯುತ್ತಲೇ ಇತ್ತು.

ಟಣ್... ಟಣ್...

ಮಂಚವಿಲ್ಲದ ಕೋಣೆಯಲ್ಲಿ, ಅವನ ಕಿವಿಯ ಪಕ್ಕದಲ್ಲೇ. ಆಮೇಲೆ ಗುಟುಕ್ ಅಂತ ನೀರು ನುಂಗಿದ ಸದ್ದು. ಹಿಂದೆಯೇ ಒಣಕೆಮ್ಮು... ಉಪ್ಪುನೀರು ನೆತ್ತಿಗೆ ಹತ್ತಿದವರ ಕೆಮ್ಮು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅತ್ತೆ ತಟ್ತಾ ಇದ್ದದ್ದು ಹೀಗೇ ಅಲ್ವಾ?" ಪಿಸುಗುಟ್ಟಿದಳು.

"ಹೂಂ..."

"ಆ ರಾತ್ರೀನೂ ತಟ್ಟಿದ್ರಾ?"

ಅವನು ತೇಲುತ್ತಿದ್ದ ಚೀಲವನ್ನು ಬದಿಗೆ ಸರಿಸಿದ.

"ತಟ್ಟಿದ್ರು ಕಣೇ. ಕೇಳಿಸ್ತು... ನಾನು ಏಳ್ಲಿಲ್ಲ."

ಅವಳು ಬೈಯಲಿಲ್ಲ, ಅಳಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆಯ ಅದೇ ಲೋಟ ಹುಡುಕಿ, ಫಿಲ್ಟರ್ ನೀರು ತುಂಬಿ ಅವನ ಕೈಗಿಟ್ಟಳು.

"ನೀವೇ ಕೊಡಿ."

ಅತ್ತೆಯ ತಲೆದಿಂಬು ಇರುತ್ತಿದ್ದ ಕಡೆ, ಟ್ಯಾಂಕಿನ ಬದಿಯ ಸ್ಟೂಲಿನ ಮೇಲೆ ಲೋಟ ಇಟ್ಟ. "ಅತ್ತೆ... ನೀರು," ಅಂದ. ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟ. ಇಬ್ಬರೂ ಹೊರಬಂದು ಬಾಗಿಲೆಳೆದುಕೊಂಡರು. ಒಳಗೆ ಪಂಪು ಗುಳುಗುಳು ಅಂತ ಶುರುವಾಯಿತು.

ಬೆಳಿಗ್ಗೆ ಟ್ಯಾಂಕಿನ ನೀರು ಗೆರೆಯಿಂದ ಕೂದಲೆಳೆಯೂ ಇಳಿದಿರಲಿಲ್ಲ. ಲೋಟ ಖಾಲಿಯಾಗಿತ್ತು.

ಈಗಲೂ ದಿನಾ ರಾತ್ರಿ ಅವನು ನೀರಿಡುತ್ತಾನೆ. ಹೆಂಡತಿ ಅವನೊಂದಿಗೆ ಚೆನ್ನಾಗಿಯೇ ಇದ್ದಾಳೆ. ಆದರೆ ಜ್ವರ ಬಂದು ಮಲಗಿದ್ದಾಗಲೂ ಒಂದು ಲೋಟ ನೀರು ಕೊಡಿ ಅಂತ ಅವನನ್ನು ಕೇಳಲಿಲ್ಲ. ಗೋಡೆ ಹಿಡಿದುಕೊಂಡು ತಾನೇ ಎದ್ದು ಹೋದಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಒಂದು ಬೆಳಿಗ್ಗೆ ಆ ಲೋಟವನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಿಂದಿನ ರಾತ್ರಿ ಅದಕ್ಕೆ ತುಂಬಿದ್ದದ್ದು ಫಿಲ್ಟರ್ ನೀರೇ. ಅಂಚಿನಲ್ಲಿ ತುಟಿಯಗಲಕ್ಕೆ ಬೆಳ್ಳಗೆ ಏನೋ ಒಣಗಿತ್ತು. ಬೆರಳಿಂದ ಒರೆಸಿ ನಾಲಿಗೆಗೆ ಇಟ್ಟೆ.

ಉಪ್ಪು.