ನಲವತ್ತೆರಡನೆಯ ಸುರುಳಿ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಕಡಲನ್ನು ಓದಿ ದೊಡ್ಡವರಾದ ವಿಜ್ಞಾನಿಗಳೇ, ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿರುವ ಹಡಗಿನ ಹಳೆಯ ಕೆಲಸಗಾರರೇ, ನನ್ನ ಮಕ್ಕಳೇ, ಸೊಸೆಯಂದಿರೇ ಮತ್ತು ಸಭಿಕರೇ,

ನನ್ನ ಹಿರಿಯ ಮಗ ಬರೆದುಕೊಟ್ಟ ಭಾಷಣ ಕೈಚೀಲದಲ್ಲಿದೆ. ಎರಡು ಪುಟಗಳಲ್ಲಿ ಏಳು ಸಲ ‘ಧನ್ಯಳಾಗಿದ್ದೇನೆ’ ಎಂದಿದೆ. ನಾನು ಅಷ್ಟೊಂದು ಧನ್ಯಳಾದವಳಲ್ಲ. ಆದ್ದರಿಂದ ಅದು ಅಲ್ಲಿಯೇ ಇರಲಿ.

ಕಡಲನ್ನು ಅಳೆದವರ ದಿನಚರಿ, ನಕ್ಷೆ, ಪತ್ರಗಳಿಗೆ ಇಂದಿನಿಂದ ಒಂದು ಮನೆಯಾಯಿತು. ಒಳಗಿನ ಕೋಣೆಗಳನ್ನು ನೋಡಿ ಬಂದೆ. ಉಕ್ಕಿನ ಕಪಾಟು, ಹುಳ ಹಿಡಿಯದ ಪೆಟ್ಟಿಗೆ, ಬೆಚ್ಚಗೂ ಅಲ್ಲದ ತಣ್ಣಗೂ ಅಲ್ಲದ ಗಾಳಿ. ನನ್ನ ಮೂವರು ಮಕ್ಕಳನ್ನೂ ನಾನು ಇಷ್ಟು ಜೋಪಾನವಾಗಿ ಬೆಳೆಸಲಿಲ್ಲ. ಆದರೂ ಅವರು ಕೆಡಲಿಲ್ಲ.

ನನ್ನ ಯಜಮಾನರು ಸಮೀಕ್ಷೆಯ ಹಡಗಿನಲ್ಲಿ ಆಳ ಅಳೆಯುವ ಯಂತ್ರ ನಡೆಸುತ್ತಿದ್ದರು. ಯಂತ್ರ ನೀರೊಳಗೆ ಸದ್ದು ಕಳಿಸುತ್ತದೆ, ಸದ್ದು ತಳಕ್ಕೆ ಬಡಿದು ಹಿಂತಿರುಗುತ್ತದೆ, ಉದ್ದನೆಯ ಕಾಗದದ ಮೇಲೆ ಕಂದು ಗೆರೆಯೊಂದು ಮೂಡುತ್ತದೆ. ಆ ಗೆರೆಯೇ ಕಡಲಿನ ತಳ. ಇಲ್ಲಿರುವ ವಿಜ್ಞಾನಿಗಳಿಗೆ ನಾನು ಇದನ್ನು ಹೇಳಬೇಕಿಲ್ಲ. ಆದರೆ ನನ್ನ ಸೊಸೆಯಂದಿರಿಗೆ ಹೇಳಬೇಕು, ಅವರು ಈವರೆಗೆ ಕೇಳಿಲ್ಲ.

ಒಂದು ಪ್ರಯಾಣದಲ್ಲಿ, ನಕ್ಷೆ ಸಪಾಟು ಎನ್ನುವ ಕಡೆ ಗೆರೆ ಮೇಲೆದ್ದಿತು. ನೀರಿನಡಿ ಒಂದು ಗುಡ್ಡ. ಅಂಚಿನಲ್ಲಿ ಅಳತೆ ತೆಗೆದ ಹೊತ್ತುಗಳನ್ನು ಅಂದವಾಗಿ ಬರೆಯಬೇಕೆಂದು ಆ ಸುರುಳಿಯನ್ನು ಅವರು ಮನೆಗೆ ತಂದರು. ತರಬಾರದಿತ್ತು, ನಿಯಮ ಒಪ್ಪುತ್ತಿರಲಿಲ್ಲ. ಮೇಜಿನ ಮೇಲಿಟ್ಟು ಕ್ಷೌರಕ್ಕೆ ಹೋದರು.

ನಾನು ಅಂದು ಅಡುಗೆಮನೆಯ ಹಲಗೆಗಳನ್ನು ತೊಳೆದಿದ್ದೆ. ಗೇಣಗಲದ ಗಟ್ಟಿ ಕಾಗದ, ಗೇಣಗಲದ ಹಲಗೆ. ದೇವರೇ ಅಳತೆ ಕೊಟ್ಟು ಮಾಡಿಸಿದಂತಿತ್ತು. ಮೂರು ತುಂಡು ಮಾಡಿ, ಗೆರೆಯ ಬದಿಯನ್ನು ಕೆಳಗೆ ಮಾಡಿ ಹಾಸಿದೆ. ಮೇಲೆ ಬೇಳೆ, ಸಕ್ಕರೆ, ಉಪ್ಪಿನ ಡಬ್ಬಿ ಇಟ್ಟೆ. ಕಡಲಿಗೆ ಉಪ್ಪು ಹೊರಿಸಿದವಳು ನಾನೊಬ್ಬಳೇ ಇರಬೇಕು.

ಅವರು ಬಂದು ಹುಡುಕಿದರು. ಮಂಚದಡಿ, ಪೆಟ್ಟಿಗೆಯೊಳಗೆ, ಒಗೆಯುವ ಬಟ್ಟೆಗಳ ನಡುವೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಏನೇ, ಮೇಜಿನ ಮೇಲೊಂದು ಸುರುಳಿ ಇತ್ತು, ನೋಡಿದ್ಯಾ?”

“ನಿಮ್ಮ ಕಾಗದ ಕಾಯೋದೇ ನನ್ನ ಕೆಲಸಾನಾ?”

ಗಮನಿಸಿ, ನಾನು ಇಲ್ಲ ಎನ್ನಲಿಲ್ಲ. ಸುಳ್ಳಾಡಲಿಲ್ಲ ಎಂದು ಇಷ್ಟು ವರ್ಷ ಇದೊಂದನ್ನೇ ಹಿಡಿದುಕೊಂಡು ಬಂದಿದ್ದೇನೆ.

ಕಚೇರಿಯಲ್ಲಿ ವಿಚಾರಣೆಯಾಯಿತು. ಎಲ್ಲಿ ಕಾಗದ ಎಂದರೆ ಕಳೆದುಹೋಯಿತು ಎಂದರಂತೆ. ಗುಡ್ಡವೇ ಬರೀ ಬುರುಡೆ ಎಂದು ತೀರ್ಮಾನಿಸಿ ಅವರನ್ನು ಹಡಗಿನಿಂದ ಇಳಿಸಿ, ದಡದ ಉಗ್ರಾಣದಲ್ಲಿ ಹಗ್ಗ ವಿತರಿಸುವ ಕೆಲಸಕ್ಕೆ ಹಾಕಿದರು. ‘ಗುಡ್ಡದ ಸಾಹೇಬರು’ ಎಂಬ ಹೆಸರೂ ಬಿತ್ತು. ಹಿಂದಿನ ಸಾಲಿನವರಲ್ಲಿ ಕೆಲವರು ಈಗ ನೆಲ ನೋಡುತ್ತಿದ್ದೀರಿ. ತರಕಾರಿ ಅಂಗಡಿಯಲ್ಲಿ ನಿಮ್ಮಲ್ಲೊಬ್ಬರು ನನ್ನನ್ನೇ ಕೇಳಿದ್ದಿರಿ: “ಸಾಹೇಬ್ರ ಗುಡ್ಡದಲ್ಲಿ ಈ ಸಲ ಮಳೆ ಹೇಗಮ್ಮಾ?” ನಾನು ತಲೆಯೆತ್ತಿಕೊಂಡೇ ಬದನೆಕಾಯಿ ಆರಿಸಿದೆ. ಆರು ವರ್ಷದ ನಂತರ ಬೇರೊಂದು ಹಡಗು ಅದೇ ಗುಡ್ಡವನ್ನು ಕಂಡುಹಿಡಿಯಿತು. ಕೀರ್ತಿ ಆ ಹಡಗಿಗೆ ಹೋಯಿತು.

ಆಗಲಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೊದಲ ದಿನ ಆಡದ ಮಾತು ಎರಡನೆಯ ದಿನಕ್ಕೆ ಎರಡರಷ್ಟು ಭಾರವಾಗುತ್ತದೆ. ಆರು ವರ್ಷದ ಲೆಕ್ಕ ನೀವೇ ಹಾಕಿಕೊಳ್ಳಿ. ತಪ್ಪಾಯಿತು ಎಂಬ ಮಾತು ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಬಂದಿದೆ. ಅದನ್ನು ಬರಿಸಿದವಳು ನಾನು. ನನ್ನ ಬಾಯಲ್ಲಿ ಬಂದಿರಲಿಲ್ಲ.

ಅವರು ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ಈ ಸಂಗ್ರಹದ ಮೇಲ್ವಿಚಾರಕಿ ನಮ್ಮ ಮನೆಗೆ ಬಂದರು. ಯಜಮಾನರ ಪುಸ್ತಕಗಳನ್ನೆಲ್ಲ ಕೊಟ್ಟೆ. ಆಕೆ ಸುರುಳಿಗಳ ಪಟ್ಟಿ ಓದುತ್ತಾ, ನಲವತ್ತೊಂದು ಇದೆ, ನಲವತ್ತಮೂರು ಇದೆ, ನಡುವಿನದು ಮಾತ್ರ ಇಲ್ಲ ಎಂದರು. ಪಟ್ಟಿಯಲ್ಲಿ ಅದರ ಮುಂದೆ ಬರೆದಿದ್ದನ್ನು ನಾನೇ ಓದಿದೆ: ‘ಯಂತ್ರ ನಡೆಸುವವನ ಅಜಾಗರೂಕತೆಯಿಂದ ಕಳೆದಿದೆ.’

ಟೀ ಮುಗಿಸಿ ಬನ್ನಿ ಎಂದು ಆಕೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.

ಇಲ್ಲೊಂದು ವಿಷಯ ಹೇಳಬೇಕು. ಆ ಹಲಗೆಗಳ ಮೇಲೆ ಹಸಿರು ರೆಕ್ಸಿನ್ ಇತ್ತು. ವಿಚಾರಣೆ ಮುಗಿದ ಮೂರು ತಿಂಗಳಿಗೆ, ನಾನು ತವರಿಗೆ ಹೋಗಿದ್ದಾಗ ಯಜಮಾನರೇ ಹಾಸಿದ್ದು. ಅಡುಗೆಮನೆಯಲ್ಲಿ ಒಂದು ಲೋಟ ಎತ್ತಿಡದ ಮನುಷ್ಯ. ಹಸಿರು ಯಾರಿಗೆ ಬೇಕಿತ್ತು ಎಂದು ಗದರಿದ್ದಕ್ಕೆ, “ಇರ್ಲಿ ಬಿಡೇ, ಒರೆಸೋಕೆ ಸುಲಭ” ಎಂದಿದ್ದರು. ಕಾಗದದ ಮೇಲೆಯೇ ಹಾಸಿದ್ದಾರೆ, ಸದ್ಯ, ತಿರುಗಿಸಿ ನೋಡಿಲ್ಲ ಎಂದು ನಾನು ಸಮಾಧಾನಪಟ್ಟೆ. ಇಪ್ಪತ್ತೊಂಬತ್ತು ವರ್ಷ ಹಾಗೆಯೇ ಒರೆಸಿದೆ.

ಮೇಲ್ವಿಚಾರಕಿ ಡಬ್ಬಿಗಳನ್ನು ಇಳಿಸಿ ರೆಕ್ಸಿನ್ ಎತ್ತಿದರು. ಅದರಡಿ ನಕ್ಷೆ ತೆಗೆಯುವ ತೆಳುಹಾಳೆ. ಅದರಡಿ ಕಾಗದ. ನಾನು ಕೆಳಮುಖವಾಗಿ ಹಾಸಿದ್ದ ಗೆರೆ ಮೇಲ್ಮುಖವಾಗಿತ್ತು. ಮೂಲೆಯಲ್ಲಿ ಯಜಮಾನರ ಪೆನ್ಸಿಲ್ ಅಕ್ಷರ: ಒಂದು, ಎರಡು, ಮೂರು. ಅಂಚಿನಲ್ಲಿ ಹೊತ್ತುಗಳನ್ನೆಲ್ಲ ಬರೆದು ಮುಗಿಸಿದ್ದರು. ಎರಡನೆಯ ತುಂಡಿನಲ್ಲಿ, ಉಪ್ಪಿನ ಡಬ್ಬಿಯ ಜಾಗದಲ್ಲಿ, ಗುಡ್ಡವಿತ್ತು. ಒಂದು ತೊಟ್ಟು ಎಣ್ಣೆಯೂ ತಾಗಿರಲಿಲ್ಲ.

ಯಜಮಾನರು ಆ ಕಾಗದವನ್ನು ತೆಗೆದುಕೊಂಡು ಹೋಗಿ ಕಚೇರಿಯವರ ಮುಖಕ್ಕೆ ಹಿಡಿಯಬಹುದಿತ್ತು. ಹಿಡಿದಿದ್ದರೆ ಯಾರು ಕತ್ತರಿಸಿದ್ದು ಎಂದು ಕಚೇರಿಯವರು ಕೇಳುತ್ತಿದ್ದರು. ಹಲಗೆಯಿಂದ ತೆಗೆದಿದ್ದರೆ, ಯಜಮಾನರಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಅದಕ್ಕೇ ತೆಗೆಯಲಿಲ್ಲ. ಪ್ರತಿದಿನ ಊಟಕ್ಕೆ ಕೂತು, ಆ ಹಲಗೆಗಳ ಕಡೆ ನೋಡಿ, ಉಪ್ಪು ಕೊಡು ಎನ್ನುತ್ತಿದ್ದರು.

ಮಾನ್ಯ ಅಧ್ಯಕ್ಷರೇ, ಪಟ್ಟಿಯಲ್ಲಿ ಹಳೆಯ ಸಾಲನ್ನು ಹೊಡೆದು ‘ಪತ್ತೆಯಾಗಿದೆ’ ಎಂದು ಬರೆಯಿಸಿದ್ದೀರಿ. ನಿಮ್ಮ ಸೌಜನ್ಯ ದೊಡ್ಡದು, ಆದರೆ ಅದು ಸಾಲದು. ಅಜಾಗರೂಕತೆ ಯಾರದು ಎಂಬುದೂ ದಾಖಲೆಯೇ. ಹೀಗೆ ಬರೆಯಿಸಿ: ‘ನಲವತ್ತೆರಡನೆಯ ಸುರುಳಿ. ಹೆಂಡತಿ ಕತ್ತರಿಸಿದಳು. ಗಂಡ ಕಾಪಾಡಿದ.’ ತಪ್ಪು ನನ್ನದು.

ಮೇಲ್ವಿಚಾರಕಿ ಅಲ್ಲಿ ಪಟ್ಟಿ ಹಿಡಿದು ಕೂತಿದ್ದಾರೆ. ಪೆನ್ನು ಬೇಕಿದ್ದರೆ ನನ್ನ ಕೈಚೀಲದಲ್ಲಿದೆ, ಮಗನ ಭಾಷಣದ ಪಕ್ಕದಲ್ಲಿ. ಆಕೆ ಬರೆದು ಮುಗಿಸುವವರೆಗೆ ನಾನು ಕೂರುವುದಿಲ್ಲ. ನನ್ನ ಮಂಡಿ ನೋವು ಎಂಥದೆಂದು ಸೊಸೆಯಂದಿರಿಗೆ ಗೊತ್ತು, ಆದ್ದರಿಂದ ದಯವಿಟ್ಟು ಬೇಗ ಬರೆಯಿರಿ.

ಕರೆಸಿದವರಿಗೆ, ಕೇಳಿದವರಿಗೆ, ಹಿಂದಿನ ಸಾಲಿನಲ್ಲಿ ಈಗ ಎದ್ದು ನಿಂತವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.