ಕೈಬಿಟ್ಟ ವಾರಗಳ ಬೆಲೆ

ಗುರುಶಾಂತಮ್ಮನವರೇ, ಮನೆಯ ಬಂಧುಗಳೇ, ಗಿರಣಿಯಿಂದ ನೇರ ಈ ಶ್ರದ್ಧಾಂಜಲಿ ಸಭೆಗೇ ಬಂದಿರುವ ಅಣ್ಣಂದಿರೇ, ಅಕ್ಕಂದಿರೇ — ಎಲ್ಲರಿಗೂ ನಮಸ್ಕಾರ.

ಕರಿಬಸವರಾಜರು ಬಹಳ ಶಾಂತ ಸ್ವಭಾವದವರು ಎಂದು ಈಗಷ್ಟೇ ಪಂಚಾಕ್ಷರಪ್ಪನವರು ಹೇಳಿದರು. ಸುಳ್ಳು. ಆ ಮನುಷ್ಯನಿಗೆ ಸಿಟ್ಟಿತ್ತು. ಸಿಟ್ಟು ಬರಿಸಿದವರು — ಇಗೋ — ಮುಂದಿನ ಕುರ್ಚಿಯಲ್ಲೇ ಹಾರ ಹಿಡಿದು ಕೂತಿದ್ದಾರೆ.

ಕರಿಬಸವರಾಜರು, ನಾನು — ಇಬ್ಬರೂ ಈ ಪಂಚಾಕ್ಷರಪ್ಪನವರ ಕೈಕೆಳಗಿನ ಸಂಖ್ಯಾಶಾಸ್ತ್ರಜ್ಞರು. ಮಂಡಿಪೇಟೆಯ ಧಾರಣೆ ತಂದು, ಗಿರಣಿ ಕಾರ್ಮಿಕರ ಜೀವನವೆಚ್ಚದ ಸೂಚ್ಯಂಕ ಕಟ್ಟುವುದು ನಮ್ಮ ಕೆಲಸ. ಆ ಅಂಕಿ ಏರಿದರೆ ತುಟ್ಟಿಭತ್ಯೆ ಏರಬೇಕು. ಹೋದ ವರ್ಷ, ಅರವತ್ತನಾಲ್ಕರಲ್ಲಿ, ಜೋಳ, ಅಕ್ಕಿ ಎರಡರ ಬೆಲೆಗೂ ಹುಚ್ಚು ಹಿಡಿಯಿತು. ಒಂದು ವಾರ ಹಾರುವುದು, ಮರುವಾರ ಬೀಳುವುದು, ಮತ್ತೆ ಹಾರುವುದು. ಪಂಚಾಕ್ಷರಪ್ಪನವರು ಏನು ಮಾಡಿದರು? ಹಾರಿದ ವಾರಗಳನ್ನೆಲ್ಲ ‘ಅಸಹಜ’ ಎಂದು ತೆಗೆದುಹಾಕಿದರು. ಉಳಿದದ್ದರ ಸರಾಸರಿ — ಆಹಾ, ಎಷ್ಟು ನುಣುಪು! ತುಟ್ಟಿಭತ್ಯೆ ಏರಲೇ ಇಲ್ಲ.

ಕರಿಬಸವರಾಜರು ಒಪ್ಪಲಿಲ್ಲ. ಹರಿಹರದ ಸಭೆಯಲ್ಲಿ ಗೋಡೆಗೆ ಬೆಲೆಗಳ ಏರಿಳಿತದ ನಕ್ಷೆ ಹಚ್ಚಿ, ಕೈಯನ್ನು ಹೀಗೆ — ಮೇಲಕ್ಕೂ ಕೆಳಕ್ಕೂ — ಆಡಿಸಿ ಹೇಳಿದರು:

“ಸರ್, ಇದು ತಪ್ಪು ಅಂಕಿ ಅಲ್ರಿ. ತಣ್ಣಗಿರೋ ಕಾಲ ಬ್ಯಾರೆ, ಕೆರಳಿದ ಕಾಲ ಬ್ಯಾರೆ. ಎರಡಕ್ಕೂ ಒಂದೇ ಲೆಕ್ಕ ಹಾಕಿದ್ರೆ ಹೆಂಗೆ? ದೊಡ್ಡ ಜಿಗಿತ ಒಂದು ಬಂತಂದ್ರೆ, ಅದರ ಹಿಂದೇನೇ ಇನ್ನೊಂದು ಬರೋ ಸಂಭವ ಹೆಚ್ಚೈತೆ. ಅದನ್ನ ಸೂತ್ರದೊಳಗೇ ಇಟ್ಕೋಬೇಕ್ರಿ.”

“ಗಿರಣಿಯೋರು ತುಟ್ಟಿ ಇದ್ದ ವಾರ ಬಿಟ್ಟು ಮುಂದಿನ ವಾರ ಕಾಳು ತಗೊಂಡಿರ್ತಾರೆ ಬಿಡ್ರಿ,” ಎಂದು ಪಂಚಾಕ್ಷರಪ್ಪನವರು ನಕ್ಕರು.

ಕಾರ್ಮಿಕರ ಪರವಾಗಿ ಬಂದಿದ್ದ ಹಜೀರಾಬೀ ಎದ್ದರು. “ಹಂಗಾದ್ರೆ ನಮ್ಮ ಮಕ್ಕಳಿಗೆ, ಮುಂದಿನ ವಾರ ಹಸೀರಿ ಅಂತ ಹೇಳ್ಲೇನ್ರಿ ಸಾಹೇಬ್ರೆ?”

ನಗು ನಿಂತಿತು. ತೀರ್ಮಾನ ಮಾತ್ರ ಬದಲಾಗಲಿಲ್ಲ. ಸ್ವಲ್ಪ ದಿನಕ್ಕೇ ಕರಿಬಸವರಾಜರ ಅಮಾನತಿನ ಆರ್ಡರು ಬಂತು.

ಅವರು ಸುಮ್ಮನಾದರೇ? ಇಲ್ಲ. ಮನೆಯಲ್ಲೇ ಕೂತು ಲೆಕ್ಕ ಮುಂದುವರಿಸಿದರು. ಕಾರ್ಮಿಕರು ನ್ಯಾಯಮಂಡಳಿಗೆ ಹೋದಾಗ, ಸಾಕ್ಷಿ ಹೇಳಲು ಒಪ್ಪಿಕೊಂಡರು. ಹೋದ ವಾರ ವಿಚಾರಣೆಗೆಂದು ಹೊರಟವರು ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದು, ಎದೆ ಹಿಡಿದುಕೊಂಡು ಕುಸಿದರು. ಮತ್ತೆ — ಏಳಲಿಲ್ಲ.

ಪಂಚಾಕ್ಷರಪ್ಪನವರೇ, ಆ ಹಾರ ಕೆಳಗಿಡಿ. ಗುರುಶಾಂತಮ್ಮನವರು ಬೆಳಿಗ್ಗೆಯೇ ನನಗೆ ಹೇಳಿದ್ದಾರೆ: “ಅಮಾನತಿಗೆ ಸೈ ಹಾಕಿದ ಕೈ ಅದು. ಆ ಕೈಯಿಂದ ನಮ್ಮ ಯಜಮಾನ್ರಿಗೆ ಹೂವು ಬ್ಯಾಡ್ರಿ.”

ವಿಚಾರಣೆಯನ್ನು ನಾಳೆಗೆ ಮುಂದೂಡಿದ್ದಾರೆ. ನಾಳೆ ಸಾಕ್ಷಿ ಹೇಳುವವನು ನಾನು. ತಾವು ತೆಗೆದುಹಾಕಿದ ಒಂದೊಂದು ವಾರದ ಬೆಲೆಯನ್ನೂ ಗಟ್ಟಿಯಾಗಿ ಓದುತ್ತೇನೆ. ನನ್ನನ್ನೂ ಅಮಾನತು ಮಾಡುತ್ತೀರಾ? ಮಾಡಿ!

ಮಹನೀಯರೇ, ಕರಿಬಸವರಾಜರಿಗಾಗಿ ಈಗ ಎಲ್ಲರೂ ಎದ್ದು, ಒಂದು ಗಳಿಗೆ ಮಾತಿಲ್ಲದೆ ನಿಲ್ಲೋಣ.

ಪಂಚಾಕ್ಷರಪ್ಪನವರೇ — ತಾವು ಕೂತೇ ಇರಿ.