ಟೋಟಾ ಇನ್ನೂ ಮಲಗಿದ್ದಾಳೆ

ಅಯ್ಯೋ, ಹಾಗಲ್ಲ ಕಣೇ ಡೀಸಾ, ಹಾಗಲ್ಲ! ಮೇಲಿಂದ ಕೈ ಹಾಕಬೇಡ. ಮೇಲಿಂದ ಬರೋದೆಲ್ಲ ಹಾವಿಗೆ ಗಿಡುಗ. ಪಕ್ಕದಿಂದ ಬಾ... ಹಾಂ... ಹೊಟ್ಟೆ ಕೆಳಗೆ ಅಂಗೈ ಒಡ್ಡು, ಅದೇ ಹತ್ತತ್ತೆ. ಹಿಡೀಬೇಡ! ಒಂದು ಕೈ ಮುಗೀತು ಅಂದ್ರೆ ಇನ್ನೊಂದು ಕೈ ಅದರ ಮುಂದಕ್ಕೆ ಇಡು, ಅಷ್ಟೇ. ನೋಡು, ನೋಡು, ಹೊರಟ ನೋಡು ನಿನ್ನ ಸ್ವೆಟರ್ ತೋಳಿನೊಳಗೆ... ಕಿರುಚಬೇಡ್ವೇ! ನೀನು ಕಿರುಚಿದ್ರೆ ಅವನು ಹೆದರ್ತಾನೆ, ಹೆದರಿದ್ರೆ ಹಿಂದಿನಿಂದ ಬಿಡ್ತಾನೆ. ಆ ನಾತಕ್ಕೆ ನಾಳೆ ಈಸ್ಟರ್ ಪೂಜೇಲಿ ನಿನ್ನ ಬೆಂಚಲ್ಲಿ ಒಬ್ಬರೂ ಕೂರಲ್ಲ.

ಆಯ್ತಾ? ಬಿಟ್ಟೇಬಿಟ್ಟ. ಹೇಳಲಿಲ್ವಾ ನಾನು!

ಹೋಗು, ಸಿಂಕಲ್ಲಿ ತೊಳ್ಕೋ. ಒಂದು ಸಲಕ್ಕೆ ಹೋಗಲ್ಲ, ಎರಡು ಸಲ ಸೋಪು ಹಚ್ಚು. ಕೊಡು ಇಲ್ಲಿ ಪಾಲ್ಲೀನ. ಬಾರೋ ಮಗನೇ, ಚಿಕ್ಕಮ್ಮನ ಮರ್ಯಾದೆ ತೆಗೆದೆಯಲ್ಲೋ... ಏನೇ, ನಗ್ತಿದ್ದೀಯಾ? ನಗು, ನಗು. ಅಕ್ಟೋಬರಿಂದ ಈ ಅಡುಗೆಮನೇಲಿ ಯಾರೂ ನಕ್ಕಿಲ್ಲ. ನಾನೊಬ್ಬನೇ ನಕ್ಕರೆ ಹುಚ್ಚ ಅಂತಾರೆ. ನಿಮ್ಮಕ್ಕನ ಹಾಗೇ ನಗ್ತೀಯ, ಗೊತ್ತಾ? ಮೂಗು ಸುಕ್ಕು ಮಾಡ್ಕೊಂಡು. ಲೌಗಾ ತೀರಿಹೋದ ಮೇಲೆ ನೀನು ಬಂದಾಗಲೆಲ್ಲ ನಾನು ಆ ಮೂಗನ್ನೇ ನೋಡ್ತೀನಿ. ಸರಿ ಬಿಡು, ಬಿಡು. ಕಾಫಿ ಇಡ್ತೀನಿ.

ಆ ದಿಂಬಿನ ಚೀಲ ಯಾಕೆ ತೊಡೆ ಮೇಲೆ ಹಿಡ್ಕೊಂಡು ಕೂತಿದ್ದೀಯ, ಬಸ್ಸಿಗೆ ಕಾಯೋರ ಥರ? ಆ ಕುರ್ಚಿ ಮೇಲಿಡು. ಗೊತ್ತು ಕಣೇ, ಟೋಟಾನ ಅದರಲ್ಲೇ ಒಯ್ಯಬೇಕು, ಬಾಯಿಗೆ ಗಂಟು ಹಾಕಿ. ಲೌಗಾ ಹಂಗೇ ಹೇಳಿದ್ಲು. ಟೋಟಾ ಡೀಸಾಗೆ, ಪಾಲ್ಲಿ ವಾಲ್ಡಿಗೆ, ಅಂದ್ರೆ ನನಗೆ. ನಾನೇನು ಇಲ್ಲ ಅಂದ್ನಾ? ನಿನ್ನದೇ ಅವಳು. ಹೆದ್ದಾರೀಲಿ ಕಾರು ನಿಲ್ಲಿಸಿದ್ದು ನೀನು, ಇಳಿದು ಎತ್ಕೊಂಡದ್ದು ನಿಮ್ಮಕ್ಕ. ಹನ್ನೊಂದು ವರ್ಷ ಆಯ್ತಲ್ವಾ? ಬಾಲದ ತುದಿ ಯಾವುದೋ ಲಾರಿ ಚಕ್ರಕ್ಕೆ ಹೋಗಿತ್ತು. ಬದುಕಲ್ಲ ಅಂದೆ ನಾನು. ಲೌಗಾ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಆಮೇಲೆ ಅದು ತಿನ್ನೋಕೆ ಶುರು ಮಾಡ್ತು ನೋಡು, ತಿಂದಿದ್ದೇ ತಿಂದಿದ್ದು! ನಿಮ್ಮ ಟೋಟಾ ಚಿಕ್ಕಮ್ಮನ ಹೆಸರೇ ಇಡೋಣ, ಅವಳ ಹಾಗೇ ತಿಂದು ತಿಂದು ಮುನಿಸ್ಕೊಂಡು ಮೂಲೇಲಿ ಕೂರತ್ತೆ ಅಂದಳು.

ಈಗ? ಈಗ... ಇನ್ನೂ ಮಲಗಿದ್ದಾಳೆ. ಕೆಳಗೆ, ನೆಲಮಾಳಿಗೇಲಿ. ಇಷ್ಟು ಬೇಗ ಎಬ್ಬಿಸಬಾರದು ಡೀಸಾ. ಕೆರೆ ಮೇಲೆ ಇನ್ನೂ ಮಂಜುಗಡ್ಡೆ ಇದೆ, ಮೊನ್ನೆ ಕೂಡ ಪಕ್ಕದ ಮನೆ ಬ್ಯಾರ್ನಿ ಅದರ ಮೇಲೆ ಟ್ರಕ್ ಓಡಿಸ್ಕೊಂಡು ಹೋದ. ಪಾಲ್ಲಿ ಯಾಕೆ ಎದ್ದ ಅಂತೀಯಾ? ಅವನು ಗಂಡು. ನಾರ್ಸಿಸ್ ಊರಲ್ಲಿ ಹಾವುಗಳು ಚಳಿಗಾಲ ಪೂರ್ತಿ ಮಲಗೋ ಹೊಂಡಗಳಲ್ಲಿ ನೋಡಿಲ್ವಾ, ಮೊದಲು ಏಳೋದೇ ಗಂಡುಗಳು. ಎದ್ದು ಬಾಗಿಲಲ್ಲಿ ಕಾಯ್ತಾ ಬಿದ್ದಿರ್ತಾವೆ, ಹೆಣ್ಣುಗಳು ತಮಗೆ ಬೇಕಾದಾಗ ಬರ್ತಾವೆ. ನಮ್ಮ ಮನುಷ್ಯಜಾತೀಲೂ ಹಂಗೇ ತಾನೇ?

ಕೂತ್ಕೋ. ಮೊದಲು ಸಾಕೋದು ಹೇಗೆ ಅಂತ ಕಲಿ. ಬರೀ ಆಸೆ ಇದ್ರೆ ಆಗಲ್ಲ.

ನಿನ್ನ ಹತ್ರ ಗಾಜಿನ ಪೆಟ್ಟಿಗೆ ಇದೆ ಅಂದೆಯಲ್ಲ, ಮುಚ್ಚಳಕ್ಕೆ ಕೊಂಡಿ ಇದೆಯಾ? ಭಾರಕ್ಕೆ ಪುಸ್ತಕ ಇಡ್ತೀನಿ ಅಂತ ಅನ್ನಬೇಡ. ಪೆನ್ಸಿಲ್ ತೂರೋ ಸಂದಿ ಸಾಕು ಇವಕ್ಕೆ. ಒಂದ್ಸಲ ಈ ಪಾಲ್ಲಿ ಮೂರು ವಾರ ನಾಪತ್ತೆ, ಕೊನೆಗೆ ನನ್ನ ಮೀನುಗಾರಿಕೆ ಬೂಟಿನೊಳಗೆ ಸಿಕ್ಕಿದ. ನಾನು ಕಾಲು ಹಾಕಿದ ಮೇಲೆ! ಲೌಗಾ ಓಡಿಬಂದು ಕೇಳಿದ್ದು ಏನು ಗೊತ್ತಾ, 'ಅವನಿಗೇನೂ ಆಗಿಲ್ಲ ತಾನೇ?' ಅಂತ. ಅವನಿಗೆ!

ಹೂಂ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು. ಎರಡೂ ಬೇಕು, ತನಗೆ ಬೇಕಾದ ಕಡೆ ತಾನೇ ಹೋಗತ್ತೆ. ಅಡಗೋಕೆ ಏನಾದರೂ ಇಡು, ಒಡೆದ ಹೂಕುಂಡ ಆದ್ರೂ ಸರಿ. ನೀರಿನ ಬಟ್ಟಲು ದೊಡ್ಡದಿರಲಿ, ಮೈ ಪೂರ್ತಿ ಮುಳುಗೋ ಅಷ್ಟು. ದಿನಾ ಬದಲಾಯಿಸು. ಅದರಲ್ಲೇ ಕುಡಿದು, ಅದರಲ್ಲೇ ಮಿಂದು, ಅದರಲ್ಲೇ ಎಲ್ಲಾ ಮಾಡ್ತಾವೆ ನಾಚಿಕೆಗೆಟ್ಟವು.

ಊಟ. ತೋಟದ ಎರೆಹುಳ ಕೊಡು, ಕೊಚ್ಚಿ. ಗೊಬ್ಬರದ ಗುಂಡಿಯ ಕೆಂಪು ಹುಳ ಬೇಡ, ಅದು ವಿಷ. ಮೀನು ಕೊಡಬಹುದು, ಆದರೆ ಸ್ಮೆಲ್ಟ್ ಅನ್ನೋ ಆ ಸಣ್ಣ ಮೀನು ಬೇಡ. ವಸಂತದಲ್ಲಿ ಬಕೆಟ್ಟುಗಟ್ಟಲೆ ಸಿಗತ್ತೆ ಅಂತ ಫ್ರೀಜರಿಗೆ ತುಂಬಿಟ್ಟು ದಿನಾ ಅದನ್ನೇ ಹಾಕ್ತಾರೆ ಜನ. ಆ ಮೀನು ಮೈಯೊಳಗಿನ ವಿಟಮಿನ್ನನ್ನೇ ತಿಂದುಹಾಕತ್ತೆ, ಹಾವು ನಡುಗಿ ನಡುಗಿ ಸಾಯತ್ತೆ. ಪಿಕರೆಲ್ ಮೀನು ಕೊಡು, ಸಣ್ಣ ಸಣ್ಣ ಚೂರು. ಎರಡಿದ್ರೆ ಬೇರೆ ಬೇರೆ ಡಬ್ಬೀಲಿ ಹಾಕಿ ತಿನ್ನಿಸು. ಒಂದೇ ಹುಳಾನ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹಿಡೀತಾವೆ, ಇಬ್ಬರೂ ಬಿಡಲ್ಲ, ದೊಡ್ಡದು ಚಿಕ್ಕದನ್ನೇ ನುಂಗಿಬಿಡತ್ತೆ. ತಿಂದ ಮೇಲೆ ಎರಡು ದಿನ ಮುಟ್ಟಬೇಡ, ಕಕ್ಕತ್ತೆ. ಆಮೇಲೆ ಚಳಿಗಾಲಕ್ಕೆ ಮುಂಚೆ... ಅದು ಬಿಡು, ಇನ್ನೂ ಬಹಳ ದಿನ ಇದೆ, ಆಮೇಲೆ ಹೇಳ್ತೀನಿ. ಸಕ್ಕರೆ ಅಚ್ಚು ಎಷ್ಟು, ಎರಡಾ?

ಏನು? ಚಳಿಗಾಲಕ್ಕೆ ಮುಂಚೆ ಏನೂ ಇಲ್ಲ. ಆಮೇಲೆ ಹೇಳ್ತೀನಿ ಅಂದ್ನಲ್ಲ.

ಡೀಸಾ, ನೀನು ಮಣ್ಣು ಮಾಡಿದ ದಿನದ ಊಟಕ್ಕೆ ಮಾಡಿದ್ದ ಆ ಒಣದ್ರಾಕ್ಷಿ ಪದರದ ಕೇಕು, ಏಳು ಪದರ ಇತ್ತಲ್ವಾ? ನಾನು ಎಣಿಸಿದ್ದೆ. ಲೌಗಾ ಐದಕ್ಕೇ ಸುಸ್ತಾಗಿ ನಿಲ್ಲಿಸ್ತಿದ್ದಳು. ನೀನು ಯಾವಾಗಲೂ... ಎಲ್ಲಿಗೆ ಎದ್ದೆ? ಆ ಬಾಗಿಲು ಬೇಡ. ಕೆಳಗೆ ದೀಪ ಕೆಟ್ಟಿದೆ. ಮೆಟ್ಟಿಲು ಒದ್ದೆ. ಕೂತ್ಕೋ, ಕಾಫಿ ಆರತ್ತೆ. ನೋಡೋದೇನಿದೆ, ಮಲಗಿರೋ ಹಾವನ್ನ? ಮುಟ್ಟಿದ್ರೆ ತಣ್ಣಗೆ, ಬಳ್ಳಿ ಥರ, ಸತ್ತಂಗೇ... ಕೂತ್ಕೊಳ್ಳೇ ಅಂದೆ!

ಕೂಗಿದ್ನಾ? ಕ್ಷಮಿಸು. ನಿನ್ನ ಮೇಲೆ ಕೂಗಬಾರದಿತ್ತು.

ಯಾಕೆ ಹಾಗೆ ನೋಡ್ತೀಯ? ಏನಾದರೂ ಕೇಳು. 'ಎಷ್ಟು ಇಳಿದಿದ್ದಾಳೆ ಭಾವ' ಅನ್ನು, 'ಯಾವಾಗ ಎಬ್ಬಿಸ್ತೀಯ ಭಾವ' ಅನ್ನು. ಬಂದಾಗಿಂದ ನಾಲ್ಕು ಸಲ ಕೇಳಿದೆ, ಈಗ ಕೇಳ್ತಾ ಇಲ್ಲ. ಚೀಲ ಮಡಿಸ್ತಾ ಇದ್ದೀಯ. ಯಾಕೆ ಮಡಿಸ್ತಾ ಇದ್ದೀಯ?

ಹೂಂ.

ಹೂಂ, ಡೀಸಾ. ಸತ್ತುಹೋದಳು. ಡಿಸೆಂಬರಲ್ಲೇ.

ನೀರು ಬದಲಾಯಿಸೋಕೆ ಕೆಳಗೆ ಹೋದೆ. ಮುಚ್ಚಳ ತೆಗೆದ ತಕ್ಷಣ ವಾಸನೆಗೇ ಗೊತ್ತಾಯ್ತು. ಚಳಿಗೆ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಅಗೆಯೋಕಾಗಲಿಲ್ಲ, ಈಗಲೂ ಆಗಲ್ಲ. ಬಲೆ ಇಡೋ ಶೆಡ್ಡಿನಲ್ಲಿ ಇದ್ದಾಳೆ. ಲೌಗಾಳ ಸ್ಕಾರ್ಫಲ್ಲಿ ಸುತ್ತಿಟ್ಟಿದ್ದೀನಿ, ಆ ನೀಲೀದು. ಕ್ರಿಸ್ಮಸ್‌ಗೆ ನೀನು ಫೋನ್ ಮಾಡಿ 'ಟೋಟಾ ಹೇಗಿದ್ದಾಳೆ' ಅಂದೆಯಲ್ಲ, ಮಲಗಿದ್ದಾಳೆ ಅಂದೆ. ಬಾಯಿಗೆ ಅದೇ ಬಂತು. ಆಮೇಲೆ ಫೋನ್ ಮಾಡಿದಾಗೆಲ್ಲ ಅದನ್ನೇ ಹೇಳಿದೆ. ಇವತ್ತೂ ಕಾರಿನ ಸದ್ದು ಕೇಳ್ತು, ಹೇಳಿಬಿಡೋಣ ಅಂತಲೇ ಬಾಗಿಲು ತೆಗೆದೆ. ನೀನು ಆ ಚೀಲಕ್ಕೆ ಇಸ್ತ್ರಿ ಮಾಡ್ಕೊಂಡು ಬಂದಿದ್ದೀಯ! ಹಾವು ಒಯ್ಯೋ ಚೀಲಕ್ಕೆ ಯಾರಾದರೂ ಇಸ್ತ್ರಿ ಮಾಡ್ತಾರೇನೇ?

ಅಳಬೇಡ. ನನ್ನ ಬೆನ್ನು ಸವರಬೇಡ, ನಿನ್ನ ದಮ್ಮಯ್ಯ. ವಯಸ್ಸಾಗಿತ್ತು ಅಂತ ಹೇಳಬೇಡ. ವಯಸ್ಸಿಂದ ಸಾಯಲಿಲ್ಲ. ಕಾಯಿಲೆ ಬಂದೂ ಸಾಯಲಿಲ್ಲ. ನಾನು ಸಾಯಿಸಿದೆ.

ಆ ಚಳಿಗಾಲದ ವಿಷಯ ಹೇಳಲಿಲ್ವಲ್ಲ ನಿನಗೆ, ಅದು ಇದೇ. ಚಳಿನಿದ್ದೆಗೆ ಇಳಿಸೋಕೆ ಮುಂಚೆ ಎರಡು ಮೂರು ವಾರ ಏನೂ ತಿನ್ನಿಸಬಾರದು. ಒಂದು ಹುಳ ಕೂಡ ಕೊಡಬಾರದು. ಬೆಚ್ಚಗೆ ಇಟ್ಟು ಹೊಟ್ಟೆ ಪೂರ್ತಿ ಖಾಲಿ ಆಗೋಕೆ ಬಿಡಬೇಕು. ಯಾಕಂದ್ರೆ ಆ ತಣ್ಣಗಿನಲ್ಲಿ ಅರಗಲ್ಲ ಡೀಸಾ, ತಿಂದದ್ದು ಹೊಟ್ಟೇಲೇ ಕೊಳೆಯತ್ತೆ. ಒಳಗಿಂದ ಕೊಳೆತು ಸಾಯತ್ತೆ. ಲೌಗಾ ಪ್ರತಿ ವರ್ಷ ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ದಿನ ಕೊನೇ ಊಟ ಕೊಟ್ಟು, 'ಇನ್ನು ನಿಮಗೆ ಏಪ್ರಿಲ್ ತನಕ ಉಪವಾಸ' ಅನ್ನೋ ಥರ ಬೆರಳು ತೋರಿಸಿ ಬೈದು ಇಡ್ತಿದ್ದಳು.

ಮರೆತೆ ಅಂತೀಯಾ? ಇಲ್ಲ ಕಣೇ. ಮರೆತಿದ್ರೆ ಎಷ್ಟೋ ಚೆನ್ನಾಗಿತ್ತು. ಗೊತ್ತಿತ್ತು. ಥ್ಯಾಂಕ್ಸ್‌ಗಿವಿಂಗ್ ದಿನ ಅವಳು ಆಸ್ಪತ್ರೇಲಿದ್ದಳು, ನಾನೇ ಬಂದು ಕೊನೇ ಊಟ ಕೊಟ್ಟು ನಿಲ್ಲಿಸಿದೆ. ಆಮೇಲೆ ಅವಳು ಹೋದಳು. ಮಣ್ಣು ಮಾಡಿ ಬಂದೆವು. ನೀವೆಲ್ಲ ಹೊರಟುಹೋದ ಮೇಲೆ ಇಲ್ಲಿ ಅವೆರಡು, ನಾನು. ಪಾಲ್ಲಿ ಕುಂಡದ ಕೆಳಗೆ ಸೇರ್ಕೊಂಡುಬಿಟ್ಟ, ಅವನ ಪಾಡಿಗೆ ಅವನು. ಟೋಟಾ ಹಾಗಲ್ಲ. ನಾನು ಯಾವ ಕಡೆ ಹೋದರೂ ಗಾಜಿಗೆ ಮೂತಿ ಒತ್ಕೊಂಡು ಆ ಕಡೆ ಬರೋಳು. ನಾಲಿಗೆ ಚಾಚೋಳು. ಕಾಫಿಗೆ ಎದ್ದರೆ ಬರ್ತಾಳೆ, ಫ್ರಿಜ್ ತೆಗೆದರೆ ಬರ್ತಾಳೆ. ಇಪ್ಪತ್ತು ದಿನ, ಡೀಸಾ. ಇಪ್ಪತ್ತು ದಿನ ನಾನು ಅವಳ ಮುಂದೆ ಕೂತು ಉಂಡೆ. ಮೇಲೆ ಬಟ್ಟೆ ಮುಚ್ಚಿ ನೋಡಿದೆ. ಬಟ್ಟೆ ಹಿಂದೇನೂ ಅವಳು ಅಲ್ಲೇ ಇರ್ತಾಳೆ ಅಂತ ಗೊತ್ತಲ್ಲ!

ಕೆಳಗೆ ಇಳಿಸೋ ದಿನ ಬಂತು. ಮಧ್ಯಾಹ್ನ. ಡಬ್ಬಿ ಸಿದ್ಧ ಮಾಡಿದೆ, ನೀರಿಟ್ಟೆ. ಬ್ಯಾರ್ನಿ ಬೆಳಗ್ಗೆ ಪಿಕರೆಲ್ ಕೊಟ್ಟುಹೋಗಿದ್ದ, ಮೇಜಿನ ಮೇಲಿತ್ತು. ಅವಳನ್ನ ಕೈಗೆ ತಗೊಂಡೆ. ತಲೆ ಎತ್ತಿ ಆ ಮೀನಿನ ಕಡೆಗೇ ಚಾಚಿದಳು... ಬಾಯಿ ತೆಗೆದಳು. ಕೊಟ್ಟೆ. ಒಂದು ಚೂರು ಕೊಟ್ಟೆ. ಇನ್ನೊಂದು. ನಾಲ್ಕು ಕೊಟ್ಟೆ ಡೀಸಾ. ಕೊಡ್ತಾ ಕೊಡ್ತಾ ಗೊತ್ತಿತ್ತು ನನಗೆ. ಆಮೇಲೆ ಒಂದು ವಾರ ಮೇಲೇ ಇಟ್ಕೊಂಡಿದ್ರೆ ಅರಗ್ತಿತ್ತು, ಬದುಕ್ತಿದ್ದಳು. ಇಟ್ಕೊಳ್ಳಲಿಲ್ಲ. ಇನ್ನೊಂದು ದಿನ ಆ ಮುಖ ಗಾಜಿನ ಹಿಂದೆ ನೋಡೋ ಶಕ್ತಿ ಇರಲಿಲ್ಲ. ಏನೂ ಆಗಲ್ಲ, ಒಂದೇ ಒಂದು ಸಲ, ಅಂತ ನನಗೆ ನಾನೇ ಹೇಳ್ಕೊಂಡು ಇಳಿಸಿಬಿಟ್ಟೆ. ನಿನಗೆ ಅರ್ಥ ಆಗತ್ತಾ? ಇನ್ನೊಬ್ಬಳನ್ನೂ ಹಸಿದ ಹೊಟ್ಟೇಲಿ ಕತ್ತಲೆಗೆ ಕಳಿಸೋಕೆ ನನ್ನ ಕೈಲಿ ಆಗಲಿಲ್ಲ ಕಣೇ, ಆಗಲಿಲ್ಲ.

...

ಏನು?

ಯಾಕೆ ಕೈ ತೆಗೆದೆ? ಇಷ್ಟು ಹೊತ್ತು ಬೆನ್ನು ಸವರ್ತಿದ್ದೆ. ಬೇಡ ಅಂದ್ರೂ ಸವರ್ತಿದ್ದೆ. ನಾನೇನಂದೆ? ಹಾವಿನ ವಿಷಯ ತಾನೇ ಹೇಳ್ತಿದ್ದದ್ದು, ಟೋಟಾ ವಿಷಯ...

ಇನ್ನೊಬ್ಬಳನ್ನೂ ಅಂದ್ನಾ?

ಇಲ್ಲ ಇಲ್ಲ, ಬಾಯಿ ತಪ್ಪಿ ಬಂತು. ಲೌಗಾ ತಿಂದಳಲ್ಲ! ನೀನು ಮಾಡಿ ತಂದ ಸ್ಕೀರು, ಆ ಸಿಹಿ ಗಟ್ಟಿಮೊಸರು. ನರ್ಸ್ ಬಂದು, ಲಕ್ವ ಹೊಡೆದು ಗಂಟಲು ಅರ್ಧ ಸತ್ತಿದೆ, ಬಾಯಿಗೆ ಏನೂ ಹಾಕಬಾರದು, ಶ್ವಾಸಕ್ಕೆ ಹೋಗತ್ತೆ ಅಂದ ಮೇಲೆ ನೀನು ಡಬ್ಬೀನ ನನ್ನ ಕೈಗೆ ತುರುಕಿ ಹೋದೆಯಲ್ಲ, 'ಯಾರೂ ಇಲ್ಲದಾಗ ಎರಡು ಚಮಚ ಹಾಕು ಭಾವ, ಎರಡೇ' ಅಂತ. ಹಾಕಿದೆ ಅಂದ್ನಲ್ಲ ನಾನು. ತುಟಿ ಸವರ್ಕೊಂಡಳು, ಸಕ್ಕರೆ ಹದವಾಗಿದೆ ಅಂತ ಡೀಸಾಗೆ ಹೇಳು ಅಂತ ಸನ್ನೆ ಮಾಡಿದಳು ಅಂದೆ... ನೀನು ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ಹೇಳಿದೆ, ನನ್ನಕ್ಕ ಕೊನೇಗೆ ನನ್ನ ಕೈಯಡುಗೆ ತಿಂದು ಹೋದಳು ಅಂತ. ಬಂದು ನನ್ನ ಕೈಗೆ ಮುತ್ತಿಟ್ಟೆ...

ಡೀಸಾ, ಬೈಯಿ.

ಹಾಗೆ ನೋಡಬೇಡ್ವೇ.

ಕೇಳಿದಳು. ಬಾಯಿ ಬಿಟ್ಟು ಹೇಳೋಕೆ ಆಗಲಿಲ್ಲ, ಆಡೋ ಕೈಯಲ್ಲಿ ಡಬ್ಬಿ ಕಡೆ ತೋರಿಸಿದಳು. ಎರಡು ಸಲ, ಮೂರು ಸಲ. ಬಾಯಿ ತೆಗೆದು ಕಾದಳು. ನಾನು ಚಮಚ ತಗೊಂಡೆ ಕೂಡ. ಹೆದರಿಕೆ ಆಯ್ತು ಡೀಸಾ. ಅವಳು ಮನೆಗೆ ಬರ್ತಾಳೆ ಅಂತಿದ್ದೆ ನಾನು! ಎರಡು ಚಮಚದ ಆಸೆಗೆ ಅವಳನ್ನ ಕಳ್ಕೊಂಡುಬಿಟ್ಟರೆ? 'ಮನೆಗೆ ಹೋದ ಮೇಲೆ ತಿನ್ನುವೆಯಂತೆ, ಹೊಟ್ಟೆ ತುಂಬ' ಅಂದೆ. ಎದುರಿಗಿದ್ದರೆ ಆಸೆ ಪಡ್ತಾಳೆ ಅಂತ ಎದ್ದು ಆ ರೂಮಿನ ಸಿಂಕಿಗೇ ಸುರಿದೆ. ನಲ್ಲಿ ಬಿಟ್ಟೆ. ಎರಡು ದಿನ ಇದ್ದಳು ಅಷ್ಟೇ.

ಸಕ್ಕರೆ ಹದವಾಗಿತ್ತು, ಅದು ಸುಳ್ಳಲ್ಲ. ಡಬ್ಬಿ ತೊಳೆಯೋಕೆ ಮುಂಚೆ ಅಂಚಲ್ಲಿ ಉಳಿದದ್ದನ್ನ ನಾನು ಬೆರಳಲ್ಲಿ ಬಳಿದು ನೆಕ್ಕಿದೆ. ನೀನು ಕೇಳ್ತೀಯ ಅಂತ, ನಿನಗೆ ಹೇಳಬೇಕಲ್ಲ ಅಂತ. ತಿರುಗಿ ನೋಡ್ತೀನಿ, ಅವಳು ನನ್ನನ್ನೇ ನೋಡ್ತಾ ಇದ್ದಾಳೆ, ಡೀಸಾ, ಇನ್ನೂ ಬಾಯಿ ಮುಚ್ಚಿಲ್ಲ.